ಸೋದರತ್ತೆಯ ರಜೆ

ಬಹಳ ಹಿಂದೆ, ಮುಗಿಲು ಇನ್ನೂ ನೆಲದ ಮಾತಿಗೆ ಓಗೊಡುತ್ತಿದ್ದ ಕಾಲದಲ್ಲಿ, ಒಬ್ಬಳು ಹುಡುಗಿ ಇದ್ದಳಂತೆ. ಅವಳಿಗೆ ಹಾರುವ ಹುಚ್ಚು. ಒಬ್ಬ ರಾಕ್ಷಸ ಕರೆದು ಅವಳಿಗೆ ಒಂದು ಜೊತೆ ರೆಕ್ಕೆ ಕೊಟ್ಟ. “ಇವು ನಿನ್ನವೇ. ಆದರೆ ನಾನು ಗಂಟೆ ಬಾರಿಸಿದಾಗ ಉಣ್ಣುತ್ತಿದ್ದರೆ ಕೈ ತೊಳೆಯಬೇಕು, ಮಲಗಿದ್ದರೆ ಏಳಬೇಕು, ನನ್ನ ಮೂಟೆಗಳನ್ನು ಹೊತ್ತು ಹಾರಬೇಕು” ಎಂದ. ಹುಡುಗಿ ರೆಕ್ಕೆಗಳನ್ನೇ ನೋಡುತ್ತಿದ್ದಳು. ಗಂಟೆಯ ಮಾತು ಅವಳ ಕಿವಿಗೆ ಬೀಳಲೇ ಇಲ್ಲ.

ಈ ಕಥೆ ನಮ್ಮ ಅಜ್ಜಿ ನೀಲಗಂಗಮ್ಮ ಹೇಳಿದ್ದಲ್ಲ. ನಾನೂ ಅಣ್ಣನೂ ಅವಳನ್ನು ಆಯಿ ಎನ್ನುತ್ತೇವೆ. ಅವ್ವ ಇಲ್ಲದ ನಮ್ಮಿಬ್ಬರನ್ನು ಕಥೆ ಉಣಿಸಿ ಸಾಕಿದವಳು. ಅವಳ ಕಥೆಗಳ ಚೂರುಗಳನ್ನು ಕೂಡಿಸಿ, ಕೌದಿ ಹೊಲಿದಂತೆ ನಾನೇ ಇದನ್ನು ಹೊಲಿದೆ, ಹೈದರಾಬಾದಿಗೆ ಹೋಗುವ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು.

ನಾನು ಸೃಷ್ಟಿ. ಸರಕು ವಿಮಾನದಲ್ಲಿ ಕ್ಯಾಪ್ಟನ್ನರ ಬಲಕ್ಕೆ ಕೂರುವ ಪೈಲಟ್. ನಮ್ಮ ಬೆನ್ನ ಹಿಂದೆ ಪ್ರಯಾಣಿಕರಿರುವುದಿಲ್ಲ. ಯಾರೋ ತರಿಸಿದ ಚಪ್ಪಲಿ, ಔಷಧಿ, ಒಮ್ಮೊಮ್ಮೆ ಪೆಟ್ಟಿಗೆಗಟ್ಟಲೆ ಕೋಳಿಮರಿ. ನನ್ನ ಬೇಸ್ ಹೈದರಾಬಾದ್. ಮನೆ ಕಲಬುರಗಿಯ ಬ್ರಹ್ಮಪುರ. ಡ್ಯೂಟಿ ಇದ್ದಾಗ ಅಲ್ಲಿಯ ವಿಮಾನ ನಿಲ್ದಾಣವಿರುವ ಶಂಶಾಬಾದಿನ ಹತ್ತಿರ ಒಂದು ಹಂಚಿಕೆಯ ಕೋಣೆ, ರಜೆ ಸಿಕ್ಕಾಗ ಬಸ್ಸು ಹತ್ತಿ ಮನೆ. ನಿದ್ದೆಯ ಅರ್ಧ ಆ ಕೋಣೆಯಲ್ಲಿ, ಇನ್ನರ್ಧ ಬಸ್ಸಿನಲ್ಲಿ.

ಈ ಬಸ್ಸು ಕಮಲಾಪುರದ ಮೇಲೆ ಹಾಯುತ್ತದೆ. ಕಮಲಾಪುರ ನನ್ನ ವೈನಿ, ಅಣ್ಣನ ಹೆಂಡತಿ ಅಂಬಿಕಾಳ ತವರು. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋದವಳು ಹೆಣ್ಣು ಕೂಸು ಹೆತ್ತಳು. ಸ್ಟ್ಯಾಂಡು ದಾಟಿದ ಮೇಲೆ, ಕೆಂಪು ಬಾಳೆಗೊನೆ ತೂಗುಹಾಕಿದ ಅಂಗಡಿಯ ಹಿಂದೆಯೇ ಅವರ ಮನೆ. ಹೋಗುವಾಗಲೂ ಬರುವಾಗಲೂ ಆ ಮನೆಯ ನೀಲಿ ಬಾಗಿಲು ಕಿಟಕಿಯಲ್ಲಿ ಬಂದು ಹೋಗುತ್ತದೆ. ಒಳಗೆ ತೊಟ್ಟಿಲಲ್ಲಿ ಕೂಸು ಇದೆ. ಅದಕ್ಕೆ ಹೆಸರಿಲ್ಲ. ನನ್ನ ದೆಸೆಯಿಂದ ಇಲ್ಲ.

ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ. ಅವಳು ಕೂಸಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರು ಹೇಳಬೇಕು. ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಕೂಸು ಹುಟ್ಟಿದ ದಿನವೇ ಆಯಿ ನನ್ನ ಕೈ ಹಿಡಿದು, “ನೀನೇ ಇಡಬೇಕು ನೋಡವ್ವ, ಒಡಹುಟ್ಟಿದಾಕಿ ನೀ ಒಬ್ಬಾಕೀನೇ” ಎಂದಿದ್ದಳು. ನಾನು ಹೂಂ ಎಂದಿದ್ದೆ.

ಮೊದಲ ಸಲ ಮುಹೂರ್ತ ಇಟ್ಟಾಗ ನಮ್ಮ ವಿಮಾನ ಕೆಟ್ಟು ನಾಗಪುರದಲ್ಲಿ ನಿಂತಿತು. ಬಿಡಿಭಾಗ ಬರುವ ತನಕ ಹೋಟೆಲಿನ ಕೋಣೆಯಲ್ಲಿ ಗೋಡೆ ನೋಡುತ್ತ ಕುಳಿತೆ. ಎರಡನೆಯ ಸಲದ ತಪ್ಪು ನನ್ನದೇ. ನಮ್ಮ ಡ್ಯೂಟಿ ಪಟ್ಟಿ, ರೋಸ್ಟರ್, ನಮ್ಮೂರಿನ ಗಡಿಯಾರದಲ್ಲಿ ಇರುವುದಿಲ್ಲ. ಜಗತ್ತಿನ ಪೈಲಟ್‌ಗಳಿಗೆಲ್ಲ ಒಂದೇ ಗಡಿಯಾರ, ಅದು ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ. ಗುರುವಾರದ ಕೊನೆಗೆ ಬರೆದ ಡ್ಯೂಟಿ ನಮ್ಮ ಲೆಕ್ಕಕ್ಕೆ ಶುಕ್ರವಾರ ನಸುಕಿನದು. ದಿನಾ ಓದುವ ನಾನು ಆವತ್ತು ಖುಷಿಯಲ್ಲಿ, ಪಟ್ಟಿಯಲ್ಲಿ ಶುಕ್ರವಾರದ ಚೌಕ ಖಾಲಿ ಇದ್ದದ್ದನ್ನಷ್ಟೇ ಕಂಡು, “ಶುಕ್ರವಾರ ಇಟ್ಕೊಳ್ಳಿ” ಎಂದುಬಿಟ್ಟೆ. ಅವರು ಹೋಳಿಗೆ ಮಾಡಿ, ಊರಿನವರನ್ನು ಕರೆದು ಕಾದರು.

ವೈನಿಯ ತಾಯಿ ಮಹಾನಂದಾ ಫೋನಿನಲ್ಲಿ ಕೇಳಿದರು, “ಶುಕ್ರವಾರ ಯಾವಾಗ ಬರ್ತದಂತ ನಿಂಗ ಗೊತ್ತಾಗಲ್ಲ. ಇಮಾನ ಹ್ಯಾಂಗ ಹೊಡೀತಿ ನಮ್ಮವ್ವ?”

“ವಿಡಿಯೋ ಕಾಲ್‌ನ್ಯಾಗ ಹೇಳಲೇನ್ರಿ ಅತ್ತಿ?” ಎಂದೆ, ಮೆಲ್ಲಗೆ.

“ಹೇಳು. ಫೋನಿಗೇ ಗುದ್ತೀವಿ!”

ಆಮೇಲೆ ಅವರೇ ಕಡೆಯ ಮಾತು ಹೇಳಿದರು. ಮೂರನೆಯ ಸಲ ಭಾನುವಾರ ಸಂಜೆ. ನಾನು ತಪ್ಪಿದರೆ ನಮ್ಮ ದೊಡ್ಡಪ್ಪನ ಮಗಳು ಸುವರ್ಣಾ ಹೆಸರಿಡುತ್ತಾಳೆ. “ಕೂಸು ಮಗ್ಗಲ ಹೊಳ್ಳಾಕತ್ತದ. ಇನ್ನಾ ಕೂಸು ಕೂಸು ಅಂತ ಎಷ್ಟು ದಿನ ಕರೀಬೇಕು?”

ಮುಗಿಲಿನಲ್ಲಿ ಕುಳಿತಾಗಲೆಲ್ಲ ನಾನು ಹೆಸರು ಹುಡುಕಿದ್ದೆ. ಗಗನಾ, ತಾರಾ, ಮೇಘಾ. ಒಂದೂ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಕಡೆಗೆ ಸಿಕ್ಕದ್ದನ್ನು ಯಾರಿಗೂ ಹೇಳಲಿಲ್ಲ. ಮೊದಲು ಕೇಳಬೇಕಾದದ್ದು ಆ ಪುಟ್ಟ ಕಿವಿ.

ಭಾನುವಾರ ಬೆಳಿಗ್ಗೆ ಬ್ರಹ್ಮಪುರದ ಮನೆಯಲ್ಲಿ, ಆಯಿಯ ಇಳಕಲ್ ಸೀರೆಯನ್ನು ಮಂಚದ ಮೇಲೆ ಬಿಚ್ಚಿ ನೆರಿಗೆ ಲೆಕ್ಕ ಹಾಕುತ್ತಿದ್ದೆ. ಅಣ್ಣ ಅಮರನಾಥ ಹಿಂದಿನ ದಿನವೇ ಕಮಲಾಪುರ ಸೇರಿದ್ದ. ಫೋನು ಬಂತು. ರಜೆಯ ದಿನ ಅದನ್ನು ಎತ್ತಬೇಕೆಂಬ ಕಾನೂನಿಲ್ಲ. ಆದರೆ ಕೈಗೆ ಕಾನೂನು ಗೊತ್ತಿರಲಿಲ್ಲ.

ಕಂಟ್ರೋಲಿನ ಹುಡುಗನ ದನಿ ಯಾವಾಗಲೂ ಬೆಣ್ಣೆ. ನಮ್ಮನ್ನು ವಿಮಾನಗಳಿಗೆ ಹಂಚುವವನು ಅವನೇ. ಒಬ್ಬರಿಗೆ ಜ್ವರವಂತೆ, ಬೇರೆ ಯಾರೂ ಇಲ್ಲವಂತೆ, ರಾತ್ರಿಯ ವಿಮಾನಕ್ಕೆ ಬಂದರೆ ಉಪಕಾರವಂತೆ. ‘ಇಲ್ಲ’ ಎಂಬ ಎರಡಕ್ಷರ ಗಂಟಲಿನ ತನಕ ಬಂತು. ಹೋದ ಸಲ ಇಲ್ಲವೆಂದ ಗೆಳತಿಗೆ ಆಮೇಲೆ ತಿಂಗಳಿಡೀ ಹಬ್ಬದ ದಿನಗಳಲ್ಲೇ ಡ್ಯೂಟಿ ಬಿದ್ದದ್ದು ನೆನಪಾಯಿತು. ಮುಂದಿನ ವರ್ಷ ಬರಬೇಕಾದ ನನ್ನ ಬಡ್ತಿ ನೆನಪಾಯಿತು.

“ಓಕೆ,” ಎಂದೆ.

ಹೋಗಿ, ಮಲಗಿ, ಎದ್ದು ಹಾರಬೇಕು. ನಿದ್ದೆಗೆಟ್ಟು ವಿಮಾನ ಮುಟ್ಟುವಂತಿಲ್ಲ. ಅಂದರೆ ಈಗಲೇ ಬಸ್ಸು ಹಿಡಿಯಬೇಕು. ಸಂಜೆ ನನ್ನ ಪಾಲಿಗೆ ಇಲ್ಲ. ಮಂಚದ ಮೇಲೆ ಕುಳಿತೆ. ಕೋಣೆಯ ಗೋಡೆಗಳೆಲ್ಲ ಒಂದೊಂದು ಹೆಜ್ಜೆ ಒಳಗೆ ಬಂದಂತಾಯಿತು.

ಬಾಗಿಲಲ್ಲಿ ನಿಂತಿದ್ದ ಆಯಿ ಒಳಗೆ ಬಂದಳು. ಸೀರೆಯನ್ನು ಮಡಚಿ ಚೀಲಕ್ಕೆ ತುರುಕಿದಳು. “ಬಸ್ಸು ಕಮಲಾಪುರದ ಮ್ಯಾಲೇ ಹೋಗ್ತದಲ್ಲ?”

“ಹೋಗ್ತದ. ನಿಲ್ಲೋದು ಐದು ಮಿನಿಟು, ಆಯಿ.”

“ಹೆಸರೇನು ಪುರಾಣ ಅದಾ? ಐದು ಮಿನಿಟು ಭಾಳ ಆಯ್ತು. ಆ ಬೀಗತಿಗಿ ಫೋನ್ ಹಚ್ಚು.”

ಮಹಾನಂದಾ ಅತ್ತೆಯ ದನಿ ಕೋಣೆಗೆಲ್ಲ ಕೇಳಿಸಿತು. “ತೊಟ್ಟಿಲಿಗಿ ಹೂ ಕಟ್ಟೀವಿ, ಬೀಗತಿ! ಸ್ಟ್ಯಾಂಡಿನ್ಯಾಗ ಹೆಸರಿಡಾಕ ನಮ್ಮ ಕೂಸೇನು ರಸ್ತೇದಾಗ ಸಿಕ್ಕದೇನು? ಸಂಜಿಗಿ ಸುವರ್ಣಾ ಇಡ್ತಾಳ. ಮುಗೀತು.” ಫೋನು ಕಟ್ಟಾಯಿತು.

ಆದರೂ ಆಯಿ ಚಪ್ಪಲಿ ಹಾಕಿಕೊಂಡಳು.

ಬಸ್ಸಿನ ಕಂಡಕ್ಟರ್ ಮೋಮಿನಪುರದ ತಾರಿಖ್ ಭಾಯಿ. ವರ್ಷಗಟ್ಟಲೆ ಇದೇ ದಾರಿಯಲ್ಲಿ ನನ್ನ ಮುಖ ನೋಡಿದವರು. “ಏನ್ ಪೈಲಟ್ ಅಮ್ಮಾ, ನಿನ್ನೆ ಬಂದ್ರಿ, ಇವತ್ತ ವಾಪಸ್? ನಿಮಗಿಂತ ನಮ್ಮ ನೌಕ್ರೀನೇ ಛಲೋ ಅದ ನೋಡ್ರಿ.”

ಆಯಿ ಟಿಕೀಟು ತೆಗೆಸುತ್ತಲೇ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟಳು. ಅವರು ತಲೆ ಕೆರೆದುಕೊಂಡರು. “ಡ್ರೈವರ್ ಚಾ ಕುಡಿಯೋತನಕ ನಿಲ್ಲಸ್ತೀನಿ, ಅಮ್ಮಾಜಿ. ಜಾಸ್ತಿ ಆಗಲ್ಲ. ಗಾಡಿ ಲೇಟಾದ್ರ ನನಗ ಬೈತಾರ.”

ಅವರೂ ಯಾವುದೋ ಗಂಟೆಗೆ ಕಟ್ಟುಬಿದ್ದವರೇ. ಕಪ್ಪು ಹೊಲಗಳು ಹಿಂದಕ್ಕೆ ಸರಿದವು. ನಾನು ವೈನಿಗೆ ಒಂದು ಮೆಸೇಜ್ ಕಳಿಸಿದೆ: ‘ಬಸ್ಸಿನ್ಯಾಗ ಇದ್ದೀನಿ. ಆಯಿನೂ ಜೊತಿಗಿ ಇದ್ದಾಳ.’ ಉತ್ತರ ಬರಲಿಲ್ಲ.

ಕಮಲಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತು. ಬಾಳೆಹಣ್ಣಿನ ಬುಟ್ಟಿ ಹೊತ್ತವರು ಕಿಟಕಿಗಳಿಗೆ ಮುತ್ತಿದರು. ಅವರಲ್ಲಿ ನಮ್ಮವರು ಯಾರೂ ಇರಲಿಲ್ಲ. ಆಯಿ ಇಳಿದು ನೆರಳಿನಲ್ಲಿ ನಿಂತಳು. ನಾನು ಫುಟ್‌ಬೋರ್ಡಿನ ಮೇಲೆ, ಒಂದು ಕಾಲು ಕೆಳಗೆ, ಒಂದು ಮೇಲೆ. ಇಲ್ಲಿಂದ ನೀಲಿ ಬಾಗಿಲು ಅರ್ಧ ಮೈಲಿಯೂ ಇಲ್ಲ. ಓಡಿಹೋಗಿ ಬರಬಹುದು ಎನ್ನಿಸಿತು. ಓಡಿದರೆ ಬಸ್ಸು ತಪ್ಪುತ್ತದೆ ಎಂದೂ ಅನ್ನಿಸಿತು. ಕಾಲು ಎರಡನ್ನೂ ಕೇಳಿಸಿಕೊಂಡು ಇದ್ದಲ್ಲೇ ಇತ್ತು. ಡ್ರೈವರ್ ಲೋಟ ಇಟ್ಟು ಬಂದರು. ತಾರಿಖ್ ಭಾಯಿ ನನ್ನ ಮುಖ ನೋಡದೆ ಸೀಟಿ ಬಾಯಿಗಿಟ್ಟರು.

“ಏ ಹೋಲ್ಡಾನ್!”

ಆಟೊ ಒಂದು ಬುಟ್ಟಿಗಳ ನಡುವೆ ನುಗ್ಗಿ ಬಂತು. ಮುಂದೆ ಡ್ರೈವರನ ಪಕ್ಕ ಅಣ್ಣ, ಕೂಗುತ್ತ, ಕೈ ಬೀಸುತ್ತ. ಹಿಂದಿನಿಂದ ಇಳಿದವಳು ವೈನಿ, ಎದೆಗೆ ಕೂಸು, ತಲೆಗೆ ಎಣ್ಣೆ ಹಚ್ಚಿಕೊಂಡದ್ದು ಹಾಗೇ. ಆಮೇಲೆ ಓಣಿಯ ಇಬ್ಬರು ಹೆಂಗಸರು. ಕೊನೆಗೆ ಮಹಾನಂದಾ ಅತ್ತೆ, ಮುಖ ಗಂಟು ಹಾಕಿಕೊಂಡು.

“ನಮ್ಮವ್ವ ಬರಲ್ಲ ಅಂದಳು. ‘ಹಂಗಾದ್ರ ನಾನೇ ಕೂಸಿನ ತಗೊಂಡು ನಡಕೋತ ಹೋಗ್ತೀನಿ’ ಅಂದೆ,” ವೈನಿ ಏದುಸಿರು ಬಿಡುತ್ತಿದ್ದಳು. “ಮೂರು ಸಲ ನಿನ್ನ ಹಾದಿ ಕಾದೀನಿ, ಸೃಷ್ಟಿ. ಈಗ ಬ್ಯಾರೆಯವರ ಕೈಲಿ ಯಾಕ ಇಡಸ್ಲಿ?”

“ತೊಟ್ಟಿಲೆಲ್ಲಿ ಅದ?” ಅತ್ತೆ ಸುತ್ತಲೂ ನೋಡಿದರು. “ತೊಟ್ಟಿಲಿಲ್ದ ಹೆಸರು ಇಡ್ತಾರೇನು?”

ಆಯಿ ಚೀಲದಿಂದ ಇಳಕಲ್ ಸೀರೆ ಎಳೆದಳು. ನಾನು ಉಡಬೇಕಾಗಿದ್ದ ಸೀರೆ. ಎರಡು ಮಡಿಕೆ ಮಾಡಿ, ಒಂದು ತುದಿಯನ್ನು ಓಣಿಯ ಹೆಂಗಸಿಗೆ ಕೊಟ್ಟಳು, ಇನ್ನೊಂದನ್ನು ಬೀಗತಿಯ ಮುಂದೆ ಹಿಡಿದಳು. ಅತ್ತೆ ಆ ತುದಿಯನ್ನೂ ನನ್ನನ್ನೂ ನೋಡಿದರು.

“ನಿಮ್ಮ ಮೊಮ್ಮಗಳದ್ದು ಇನ್ನೊಂದು ಕಾಲು ಬಸ್ಸಿನ್ಯಾಗಿಂದ ಇಳೀತದೋ ಇಲ್ಲೋ?” ಎಂದು, ತುದಿಯನ್ನು ಕೈಗೆ ಸುತ್ತಿಕೊಂಡರು.

ನಾನು ಇಳಿದೆ. ತಾರಿಖ್ ಭಾಯಿ ಸೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಡ್ರೈವರಿಗೆ ಕೈ ಮಾಡಿದರು. ಕಿಟಕಿಗಳ ತುಂಬ ತಲೆಗಳು. ವೈನಿ ಕೂಸನ್ನು ಸೀರೆಯ ಜೋಲಿಯಲ್ಲಿ ಮಲಗಿಸಿದಳು. ಅದು ಕೆಂಪು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನನ್ನನ್ನೇ ನೋಡಿತು. ನಾನು ಬಗ್ಗಿದೆ. ಹಾಲಿನ, ಎಣ್ಣೆಯ ವಾಸನೆ.

ಆಗಲೇ ಪ್ಯಾಂಟಿನ ಜೇಬಿನಲ್ಲಿ ಫೋನು ನಡುಗತೊಡಗಿತು. ಕಂಟ್ರೋಲಿನ ಹುಡುಗ, ಎಲ್ಲಿದ್ದೀರಿ ಎಂದು ಕೇಳಲಿಕ್ಕಿರಬೇಕು. ನನ್ನ ಎರಡೂ ಕೈ ಜೋಲಿಯ ಅಂಚು ಹಿಡಿದಿದ್ದವು. ಅವು ಅಲ್ಲಿಯೇ ಉಳಿದವು.

“ಕುರ್ರ್‌ರ್...”

ಮೊದಲ ಗುದ್ದು ಮಹಾನಂದಾ ಅತ್ತೆಯದೇ. ಒಂದು ಕೈಯಲ್ಲಿ ಸೀರೆಯ ತುದಿ, ಇನ್ನೊಂದರಲ್ಲಿ ಮೂರೂ ಸಲದ ಸಿಟ್ಟು. ಬೆನ್ನೆಲುಬು ಝುಮ್ಮೆಂದಿತು. ಆಮೇಲೆ ಓಣಿಯ ಹೆಂಗಸರು, ವೈನಿ, ಬಾಳೆಹಣ್ಣು ಮಾರುವ ಒಬ್ಬಾಕೆಯೂ ಬುಟ್ಟಿ ಇಳಿಸಿ ಬಂದು ಗುದ್ದಿದಳು. ಗುದ್ದುಗಳ ನಡುವೆ, ನಗುವೋ ಅಳುವೋ ಗೊತ್ತಾಗದ ದನಿಯಲ್ಲಿ, ಆ ಪುಟ್ಟ ಕಿವಿಗೆ ತುಟಿ ತಾಕಿಸಿ ನಾನು ಹೇಳಿದೆ: ಧರಣಿ.