ಹಲಗೆಯ ಕೊನೆಯ ಸಾಲು

"ಒಬ್ಬ ಮನ್ಸ ಎಷ್ಟೊತ್ತು ಅಂತ ಮರದ ಮ್ಯಾಲೆ ಕೂತಿರ್ಬೋದು?"

ಹನಗೋಡಿನ ಲೈಬ್ರರಿಯ ಜಗುಲಿಯಲ್ಲಿ ಕುಳಿತು ಚಿಕ್ಕಬೀರಮ್ಮ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಬಿಸಿಲು ಬಿದ್ದ ರಸ್ತೆಯಷ್ಟೇ ಇತ್ತು. ಒಳಗೆ ಕಸ ಗುಡಿಸುತ್ತಿದ್ದ ಲೈಬ್ರರಿಯ ಪದ್ಮಶ್ರೀ ಪೊರಕೆ ನಿಲ್ಲಿಸಿದಳು.

ಚಿಕ್ಕಬೀರಮ್ಮನ ತಮ್ಮ ಅಣ್ಣಯ್ಯ ಬೇಸಿಗೆಯಲ್ಲಿ ಕಾಡಿನ ಬೆಂಕಿ ಕಾಯುವ ಕೆಲಸಕ್ಕೆ ಹೋಗುತ್ತಿದ್ದ. ನಿನ್ನೆ ಸಂಜೆ ನಾಲ್ವರು ಬೆಂಕಿ ಆರಿಸಿ ಬರುವಾಗ ಒಂಟಿ ಆನೆ ಅಟ್ಟಿಸಿಕೊಂಡು ಬಂತು. ಮೂವರು ಊರು ಸೇರಿದರು. ಅಣ್ಣಯ್ಯ ಮತ್ತಿಮರ ಹತ್ತಿದ್ದನ್ನು ಕಂಡೆ ಎಂದು ಅವರಲ್ಲೊಬ್ಬನಾದ ಚಲುವರಾಜು ಹೇಳಿದ್ದ. ಬೆಳಗಾಗುತ್ತಲೇ ಹುಡುಕಲು ಹೊರಟ ಅರಣ್ಯ ಇಲಾಖೆಯ ಜೀಪಿನವರಿಗೆ ದಾರಿ ತೋರಿಸಲು ಅವನೇ ಹೋಗಿದ್ದ.

"ಚಿಕ್ಕೋನಿದ್ದಾಗ್ಲೂ ಅಂಗೇ ಕಣವ್ವ," ಎಂದಳು ಚಿಕ್ಕಬೀರಮ್ಮ. "ಉಣಸೆ ಮರ ಅತ್ಬುಡೋನು, ಇಳಿಯಾಕೆ ಬತ್ತಿರ್ನಿಲ್ಲ. ಕೆಳಗೆ ನಿಂತು ನಾನು ಒಂದೊಂದ್ ಕೊಂಬೆ ಏಳ್ಕೊಡ್ಬೇಕಿತ್ತು. ಐವತ್ತಾಯ್ತು, ಬುದ್ಧಿ ಮಾತ್ರ ಅದೇ."

ದಿನಾ ಒಂಬತ್ತಕ್ಕೆ ಪದ್ಮಶ್ರೀ ಜಗುಲಿಯ ಕರಿಹಲಗೆಯ ಮೇಲೆ ಪೇಪರು ನೋಡಿ ನಾಲ್ಕು ಸಾಲು ಬರೆಯುತ್ತಾಳೆ: ಕಾಡಿನದೊಂದು, ಲೋಕದ್ದೊಂದು, ಹಿಂದಿನ ಕಾಲದ್ದೊಂದು, ಕೊನೆಗೆ ಎಲ್ಲಿಯದೋ ಬೆಟ್ಟದ್ದೋ ಹೊಳೆಯದೋ ಒಂದು. ಓದು ಬಾರದ ಚಿಕ್ಕಬೀರಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಬೆಟ್ಟ ಹೊಳೆ ಕೊನೆಗೆ ಬರಬೇಕೆಂದು ಕಟ್ಟುಮಾಡಿದವಳು ಚಿಕ್ಕಬೀರಮ್ಮನೇ. ಅವಳ ಅಪ್ಪ ಶ್ರಾವಣದಲ್ಲಿ ಗುಡಿಯ ಪಡಸಾಲೆಯಲ್ಲಿ ಕುಳಿತು ಪದ್ಯ ಓದುತ್ತಿದ್ದವನು. ಗಂಟಲು ಒಣಗಿದರೂ ಕತೆಯಲ್ಲಿ ಯಾರಾದರೂ ಸತ್ತ ಕಡೆ ನಿಲ್ಲಿಸುತ್ತಿರಲಿಲ್ಲ. ಮಳೆ ಬರುವವರೆಗೋ ಮಗು ಹುಟ್ಟುವವರೆಗೋ ಓದಿ, ಮಂಗಳ ಹಾಡಿ, ಆಮೇಲೆಯೇ ಪುಸ್ತಕಕ್ಕೆ ಬಟ್ಟೆ ಸುತ್ತುತ್ತಿದ್ದ. ಎರಡು ವರ್ಷದ ಹಿಂದೆ ಒಂದು ದಿನ ಹಲಗೆ ಯುದ್ಧದ ಸುದ್ದಿಯಲ್ಲಿ ಮುಗಿದಾಗ ಚಿಕ್ಕಬೀರಮ್ಮ ಎದ್ದಿರಲಿಲ್ಲ. "ಸಾವಿನ ಮ್ಯಾಲೆ ಮುಗಿಸ್ಬಾರ್ದು ಕಣ್ ಮಗ. ಕೇಳ್ದೋರು ಅದ್ನೇ ಒತ್ಕಂಡು ಮನೆಗೋಯ್ತಾರೆ," ಎಂದಿದ್ದಳು.

ಇವತ್ತು ಪದ್ಮಶ್ರೀಯ ಕೈಯಲ್ಲಿ ಸೀಮೆಸುಣ್ಣ ಎರಡು ಸಲ ಮುರಿಯಿತು. ಬರೆದು ಮುಗಿಸಿ ಓದಿದಳು.

"ಕಾಡು: ಕೆರೆಕಟ್ಟೆ ಬತ್ತಿವೆ. ಆನೆಗಳು ಕಬಿನಿ ಹಿನ್ನೀರಿನತ್ತ ಇಳಿಯುತ್ತಿವೆ."

"ಅಂಗಾರೆ ನಮ್ ಕಡೆಯಿಂದ ಆಚೆಗೋದ್ವು."

"ಲೋಕ: ಭೂಕಂಪವಾದ ದೇಶದಲ್ಲಿ ಮೂರನೆಯ ದಿನ ಕಲ್ಲುಮಣ್ಣಿನ ಅಡಿಯಿಂದ ಹೆಂಗಸೊಬ್ಬಳನ್ನು ಜೀವಸಹಿತ ತೆಗೆದರು."

"ಮೂರ್ ದಿನ." ಚಿಕ್ಕಬೀರಮ್ಮ ಕಣ್ಣು ಮುಚ್ಚಿ ಕೈಮುಗಿದಳು. "ಇವಂದು ಇನ್ನೂ ಒಂದೇ ರಾತ್ರಿ."

"ಚರಿತ್ರೆ: ಕಾಕನಕೋಟೆಯ ಖೆಡ್ಡಾದಲ್ಲಿ ಕಾಡಾನೆಗಳನ್ನು ಹೊಳೆ ದಾಟಿಸಿ ದೊಡ್ಡಿಗೆ ಕೂಡುತ್ತಿದ್ದರು."

"ಕೂಡ್ದೋರೆಲ್ಲ ಮನೆಗ್ ಬಂದ್ರಾ?"

"ಅದು ಬರ್ದಿಲ್ಲ ದೊಡ್ಡವ್ವ."

ನಾಲ್ಕನೆಯ ಸಾಲಿಗೆ ಬಾಯಿ ತೆರೆದಾಗ ಫೋನು ಬಂತು, ಚಲುವರಾಜುವಿನದು. ಪದ್ಮಶ್ರೀ ಒಳಗೆ ಹೋಗಿ ಮಾತಾಡಿ ಬಂದು ಬಾಗಿಲಿಗೆ ಒರಗಿ ನಿಂತಳು.

"ಮರ ಸಿಕ್ತಂತೆ. ಕೊಂಬೆ ಮೇಲೆ ಟವಲ್ ಅದಂತೆ. ಅಣ್ಣಯ್ಯಮಾವ ಇಲ್ವಂತೆ. ಕೆಳಗೆ ಊಟದ ಬಾಕ್ಸ್ ಬಿದ್ದದಂತೆ."

"ಬಾಕ್ಸಲ್ಲಿ ಮುದ್ದೆ ಅದಾ?"

ಪದ್ಮಶ್ರೀ ರಸ್ತೆಯ ಕಡೆ ನೋಡಿದಳು. "ಖಾಲಿಯಂತೆ."

"ಉಂಡವ್ನೆ. ಉಂಡು ಬ್ಯಾರೆ ಮರ ಅತ್ತವ್ನೆ, ಕತ್ತೆ ನನ್ಮಗ."

ಮಧ್ಯಾಹ್ನ ಕೊಟ್ಟ ಟೀ ಕೆನೆಗಟ್ಟಿತು. ಹಲಗೆಯ ಮಾತು ಇಬ್ಬರಿಗೂ ಮರೆತಿತ್ತು. ಬಿಸಿಲು ಜಗುಲಿಗೆ ಬಂದರೂ ಚಿಕ್ಕಬೀರಮ್ಮ ಸರಿಯಲಿಲ್ಲ. ತುಟಿ ಅಲುಗುತ್ತಿತ್ತು. ಜಪವಿರಬೇಕೆಂದುಕೊಂಡ ಪದ್ಮಶ್ರೀ ಹತ್ತಿರ ಬಂದಾಗ ಕೇಳಿಸಿತು. ಅಪ್ಪನ ಪದ್ಯದ ಧಾಟಿಯಲ್ಲೇ ಅವಳು ಎಳೆದೆಳೆದು ಹೇಳುತ್ತಿದ್ದಳು: "ಎಡಗಾಲ್ ಬುಡು... ಅಲ್ಲೊಂದ್ ಕವೆ ಅದೆ... ಬಲಗೈ ಬುಡ್ಬ್ಯಾಡ... ಇನ್ನೊಂದೇ ಕೊಂಬೆ..."

ಹೊತ್ತು ಇಳಿದಾಗ ಜೀಪು ಬಂತು. ಚಲುವರಾಜು ಒಬ್ಬನೇ ಇಳಿದ. ಮೈತುಂಬ ಬೂದಿ. ಟವಲನ್ನೂ ಬಾಕ್ಸನ್ನೂ ಒಂದು ಎಕ್ಕಡವನ್ನೂ ಜಗುಲಿಯ ಮೇಲಿಟ್ಟ.

"ಬೆಳಕು ಓಯ್ತಾ ಅದೆ ಅಕ್ಕಯ್ಯ. ಕತ್ಲಲ್ಲಿ ಯಾರ್ನೂ ಒಳಗ್ ಬುಡಲ್ಲ. ನಾಳೆ ಬೆಳಗಾಗ್ತಲೇ ಎದ್ದು ಓಯ್ತೀವಿ."

ಚಿಕ್ಕಬೀರಮ್ಮ ಬಾಕ್ಸನ್ನು ಎತ್ತಿದಳು. ಕೈಗೆ ಭಾರ ತಿಳಿಯಿತು. ಮುಚ್ಚಳ ತೆಗೆದಳು. ಅವಳೇ ಕಟ್ಟಿದ ಮುದ್ದೆ ಹಾಗೆಯೇ ಒಣಗಿ ಬಿರಿದಿತ್ತು, ಸುತ್ತ ಇರುವೆ. ಒಂದೊಂದೇ ಇರುವೆಯನ್ನು ಬೆರಳಿನಿಂದ ಸರಿಸಿದಳು. ಪದ್ಮಶ್ರೀಯ ಮುಖವನ್ನು ನೋಡಲಿಲ್ಲ.

"ತಪ್ಪಾಯ್ತು ದೊಡ್ಡವ್ವ," ಎಂದಳು ಪದ್ಮಶ್ರೀ. "ಏಳಕ್ಕೆ ಬಾಯ್ ಬರ್ನಿಲ್ಲ."

ಚಲುವರಾಜು ಟವಲನ್ನು ಮಡಿಸಿ ಚಿಕ್ಕಬೀರಮ್ಮನ ತೊಡೆಯ ಮೇಲಿಟ್ಟ. ಮಡಿಸಿದ್ದು ಸರಿಯಾಗದೆ ಮತ್ತೆ ಬಿಚ್ಚಿ ಮಡಿಸಿದ. ಜೀಪಿನವರು ಹಾರ್ನ್ ಹೊಡೆದರು. ಲೈಬ್ರರಿಗೆ ಬೀಗ ಹಾಕುವ ಹೊತ್ತು ಮೀರಿತ್ತು. ಪದ್ಮಶ್ರೀ ಸುತ್ತ ನೋಡಿದಳು. ಹಲಗೆಯ ನಾಲ್ಕನೆಯ ಸಾಲು ಕಣ್ಣಿಗೆ ಬಿತ್ತು. ಹಿಮ ಕರಗಿದ ಯಾವುದೋ ಸರೋವರಕ್ಕೆ ಹಕ್ಕಿಗಳು ಮರಳಿ ಬಂದ ಸುದ್ದಿ.

ಅವಳು ಚಿಕ್ಕಬೀರಮ್ಮನ ಪಕ್ಕದಲ್ಲಿ ಕುಳಿತು ಹೆಗಲ ಮೇಲೆ ಕೈಯಿಟ್ಟಳು. "ಆ ಸಾಲು ಓದ್ಲೇ ಇಲ್ಲ ನೋಡು. ನೀನೇ ಏಳ್ತಿದ್ದೆಯಲ್ಲ, ಅಂಗೇ ಬುಡ್ಬಾರ್ದು ಅಂತ. ಓದಿ ಮುಗಿಸ್ಬುಡ್ತೀನಿ. ಆಮೇಲೆ ಮನೆಗೋಗವ, ಏಳು."

ಚಿಕ್ಕಬೀರಮ್ಮ ಬಾಕ್ಸಿನ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಳು.

"ಬ್ಯಾಡ," ಎಂದಳು. "ಅವ್ನು ಇನ್ನೂ ಇಳ್ದಿಲ್ಲ. ಈಗ್ಲೇ ಮುಗಿಸ್ಬಾರ್ದು."