ಬೈಸಿಕೊಳ್ಳುವ ಭಾಗ್ಯ

ಸುಚೇತಾಳಿಗೆ ಬಾಲಕೃಷ್ಣ ಚೆನ್ನಾಗಿ ಬೈದನಂತೆ. ನಮ್ಮ ಅಡುಗೆಮನೆಯಲ್ಲಿ ನಿಂತು ಅವಳು ನಗುತ್ತಾ ಇದನ್ನು ಹೇಳಿದಾಗ ನನಗೆ ಮೊದಲು ಆದದ್ದು ಒಳಗೊಳಗೇ ಖುಷಿ. ನನಗೆ ಅವನು ಯಾವತ್ತೂ ಬೈದಿರಲಿಲ್ಲ.

ಆ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸೊಲಿಹಲ್‌ನ ನಮ್ಮ ಬೀದಿ ತಿಂಗಳಿಡೀ ಗಾಜಿನ ಹಾಗಿತ್ತು. ಕಾರಿನ ಮೇಲಿನ ಹಿಮ ಕೆರೆಯಲು ಹೋಗಿ ನಾನು ಬಿದ್ದೆ. ಅದೇ ವಾರ ಎದುರು ಮನೆಯ ಸುಚೇತಾ ಕಸದ ಡಬ್ಬ ಹೊರಗಿಡಲು ಹೋಗಿ ಬಿದ್ದಳು. ಇಬ್ಬರದ್ದೂ ಎಡಗೈಯ ಮಣಿಕಟ್ಟೇ ಮುರಿಯಿತು. ಜನವರಿ ಮುಗಿಯುವ ಹೊತ್ತಿಗೆ ಪ್ಲಾಸ್ಟರ್ ಬಿಚ್ಚಿದಾಗ ಇಬ್ಬರ ಕೈಯೂ ಹಲಗೆಯಂತೆ ಸೆಟೆದುಕೊಂಡಿತ್ತು. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಿಂದ ಇಬ್ಬರಿಗೂ ಅಪಾಯಿಂಟ್‌ಮೆಂಟ್ ಬಂತು. ಸುಚೇತಾ ಹೋದಳು. ನಾನು ನನ್ನದನ್ನು ರದ್ದು ಮಾಡಿಸಿದೆ.

ಯಾಕೆಂದರೆ ಆ ವಿಭಾಗದ ಬಾಲಕೃಷ್ಣ ನಮ್ಮ ಹುಡುಗ. ಮೈಸೂರಿನಿಂದ ಬಂದ ಹೊಸದರಲ್ಲಿ, ಬಾಡಿಗೆ ಮನೆ ಸಿಗುವವರೆಗೆ ನಮ್ಮಲ್ಲೇ ಇದ್ದವನು. ನನ್ನ ಗಂಡ ಸುಬ್ರಹ್ಮಣ್ಯನನ್ನು ಅಣ್ಣ ಎನ್ನುತ್ತಾನೆ, ನನ್ನನ್ನು ಅತ್ತಿಗೆ. ನೀವ್ಯಾಕೆ ಅಲ್ಲಿ ಬಂದು ಕಾಯಬೇಕು, ಭಾನುವಾರ ನಾನೇ ಮನೆಗೆ ಬರುತ್ತೇನೆ ಎಂದ. ಇಲ್ಲಿನ ನಮ್ಮ ಡಾಕ್ಟರ್ ಕುಟುಂಬಗಳಲ್ಲಿ ಇದೇ ರೂಢಿ. ಹಲ್ಲು ನೋಯಲಿ, ಬೆನ್ನು ಹಿಡಿಯಲಿ, ಮೊದಲು ಪರಿಚಯದವರು ಯಾರಿದ್ದಾರೆಂದು ಯೋಚಿಸುತ್ತೇವೆ. ಸುಚೇತಾ ಕಾರು ಕಾರ್ಖಾನೆಯ ಐಟಿಯವಳು, ಅವಳಿಗೆ ಆಸ್ಪತ್ರೆಯಲ್ಲಿ ಯಾರಿದ್ದಾರೆ? ಪಾಪ, ಸರದಿಯಲ್ಲಿ ಕೂರುತ್ತಾಳೆ ಅಂದುಕೊಂಡೆ. ಆ ‘ಪಾಪ’ ನನಗೆ ಬಹಳ ಹಿತವಾಗಿತ್ತು.

ಭಾನುವಾರಗಳೂ ಹಿತವಾಗಿದ್ದವು. ಬಾಲಕೃಷ್ಣ ಬಿಸಿ ಚೀಲ ಇಡುತ್ತಿದ್ದ, ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕುತ್ತಿದ್ದ, ನಾನು ಸ್ವಲ್ಪ ಮುಖ ಕಿವುಚಿದರೂ ನಿಲ್ಲಿಸಿಬಿಡುತ್ತಿದ್ದ. ಕೆಲವು ವ್ಯಾಯಾಮ ಹೇಳಿಕೊಟ್ಟಿದ್ದ. ಮಾಡಿದಿರಾ ಎಂದು ಕೇಳಿದವನಲ್ಲ. ಆಮೇಲೆ ಉಪ್ಪಿಟ್ಟು, ಕಾಫಿ, ಊರಿನ ಮಾತು. ಅವನು ಹೋದ ಮೇಲೆ ಕೈ ಹೂವಿನಷ್ಟು ಹಗುರ. ಸೋಮವಾರ ಬೆಳಗ್ಗೆ ಮತ್ತೆ ಅದೇ ಹಲಗೆ.

ಆಪರೇಷನ್‌ಗೆ ಮೊದಲು ರೋಗಿಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಮಲಗಿದವರ ಗಂಟಲಿಗೆ ಉಸಿರಿನ ಕೊಳವೆ ಇಳಿಸುವಾಗ ನಾಲಿಗೆ, ದವಡೆಯನ್ನು ಎತ್ತಿ ಹಿಡಿಯುವುದು ಎಡಗೈ. ಆ ಕೈ ಸೋತರೆ ಎದುರಿಗಿರುವವರ ಉಸಿರು ಹೋಗುತ್ತದೆ. ಈಸ್ಟರ್ ನಂತರದ ಡ್ಯೂಟಿ ಪಟ್ಟಿಯಲ್ಲಿ, ಅಂದರೆ ರೋಟಾದಲ್ಲಿ, ನನ್ನ ಹೆಸರಿತ್ತು. ಅಲ್ಲಿಯವರೆಗೆ ಮೇಜಿನ ಮುಂದೆ ಕೂರಿಸಿದ್ದರು. ನನ್ನ ಡ್ಯೂಟಿಗಳನ್ನು ಉಳಿದವರು ಹಂಚಿಕೊಂಡಿದ್ದರು, ಅದನ್ನು ನೆನಪಿಸುವುದನ್ನೂ ಮರೆಯುತ್ತಿರಲಿಲ್ಲ.

ಮಾರ್ಚ್‌ನ ಒಂದು ಬೆಳಗ್ಗೆ ಮಗಳು ಮಾಳವಿಕಾಳ ಜಡೆ ಹೆಣೆಯಲಾಗದೆ ಒದ್ದಾಡುತ್ತಿದ್ದೆ. ಎಳೆ ಹಿಡಿದರೆ ಬೆರಳು ಜಾರುತ್ತಿತ್ತು, ಸ್ಕೂಲಿಗೆ ತಡವಾಗಿತ್ತು, ಅವಳು ಅಳುಮೋರೆ ಮಾಡಿಕೊಂಡಿದ್ದಳು. ಏನೋ ಕೊಡಲು ಬಂದ ಸುಚೇತಾ ಬಾಚಣಿಗೆ ಇಸಿದುಕೊಂಡು, ಮಾತಾಡುತ್ತಲೇ ಎರಡು ಜಡೆ ಹೆಣೆದು ರಿಬ್ಬನ್ ಬಿಗಿದಳು. ಎರಡೂ ಕೈಯಲ್ಲಿ.

“ಆಂಟಿ ಡಸ್ ಇಟ್ ಬೆಟರ್, ಮಮ್ಮಿ,” ಎಂದಳು ಮಾಳವಿಕಾ, ಕನ್ನಡಿ ನೋಡಿಕೊಳ್ಳುತ್ತಾ.

ಎದೆಯೊಳಗೆ ಮೆಣಸಿನಕಾಯಿ ಅರೆದಂತಾಯಿತು. ಅದೇ ಮೂಳೆ, ಅದೇ ಹಿಮ, ಅದೇ ಬಾಲಕೃಷ್ಣ. ಅವನು ನಿನಗೆ ಅಲ್ಲಿ ಏನು ಮಾಡುತ್ತಾನೆ ಎಂದು ಕೇಳಿದೆ, ಸುಮ್ಮನೆ ಕೇಳುವವಳ ಹಾಗೆ.

ಅವಳು ಹೇಳುತ್ತಾ ಹೋದಳು. ಮೊದಲ ದಿನವೇ ಈ ಕೈಯಿಂದ ನಿಮಗೆ ಏನಾಗಬೇಕು ಎಂದು ಕೇಳಿದನಂತೆ. ಕೀಬೋರ್ಡ್, ಚಪಾತಿ ಎಂದಳಂತೆ. ಹೋದಾಗಲೆಲ್ಲ ಪ್ಲಾಸ್ಟಿಕ್ ಅಳತೆಪಟ್ಟಿಯಿಟ್ಟು ಮಣಿಕಟ್ಟು ಎಷ್ಟು ಬಾಗುತ್ತದೆಂದು ನೋಡುತ್ತಾನಂತೆ. ಒಂದು ವಾರ ಇವಳು ಏನೂ ಮಾಡದೆ, ಮಾಡಿದೆ ಎಂದು ಸುಳ್ಳು ಹೇಳಿದಾಗ ಅಳತೆ ಒಂದಿಷ್ಟೂ ಮುಂದೆ ಸರಿದಿರಲಿಲ್ಲವಂತೆ, ಹಿಂದೊಮ್ಮೆ ಹೇಳಿದ್ದ ಆ ಬೈಗುಳ ಅದಕ್ಕೆ. ಹಳೆಯದು ಸುಲಭವಾದ ಕೂಡಲೇ ವ್ಯಾಯಾಮ ಬದಲು. ಎಣ್ಣೆ, ಮಸಾಜು ಒಂದೂ ಇಲ್ಲ.

“ಇನ್ನು ಬರಬೇಡಿ, ಮನೇಲೇ ಮಾಡಿದ್ರೆ ಸಾಕು ಅಂದುಬಿಟ್ಟ ಕಣೇ,” ಎಂದಳು. “ನಿನಗೇನಪ್ಪಾ, ಮನೆಗೇ ಬರ್ತಾನೆ.”

ಅವಳು ಚುಚ್ಚಲೆಂದು ಅಂದಳೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಆಸ್ಪತ್ರೆಗೆ ಫೋನ್ ಮಾಡಿ ಬಿಟ್ಟುಕೊಟ್ಟಿದ್ದ ಅಪಾಯಿಂಟ್‌ಮೆಂಟನ್ನು ಮತ್ತೆ ಬೇಡಿದೆ.

ಸರದಿಯಲ್ಲಿ ಕೂತಿದ್ದ ನನ್ನನ್ನು ಕಂಡು ಬಾಲಕೃಷ್ಣನ ಮುಖ ಸಣ್ಣದಾಯಿತು. ಅಣ್ಣನಿಗೆ ನನ್ನ ಮೇಲೆ ಬೇಜಾರಾಯಿತಾ, ಭಾನುವಾರ ನಾನು ಬರುವುದಿತ್ತಲ್ಲ ಎಂದ.

“ಸುಚೇತಾಗೆ ಹೆಂಗೆ ನೋಡಿದೆಯೋ ನನಗೂ ಹಂಗೇ ನೋಡು,” ಎಂದೆ. “ಇಲ್ಲಿ ಅತ್ತಿಗೆ ಅನ್ನಬೇಡ.”

ಅವನು ದನಿ ತಗ್ಗಿಸಿದ. “ಮನೇಲಿ ನಿಮಗೆ ನೋವು ಮಾಡೋಕೆ ನನಗೆ ಕೈ ಬರಲ್ಲ. ನಿಮ್ಮನೆ ಅನ್ನ ತಿಂದಿದೀನಿ.”

“ಅದಕ್ಕೇ ಇಲ್ಲಿಗೆ ಬಂದೆ.”

ಕುರ್ಚಿ ಎಳೆದುಕೊಂಡು ಕೂತ. ಈ ಕೈಯಿಂದ ಏನಾಗಬೇಕು ಎಂದು ಕೇಳಿದ. ಇಷ್ಟು ಭಾನುವಾರಗಳಲ್ಲಿ ಕೇಳದ ಪ್ರಶ್ನೆ. ಗಾಳಿಯಲ್ಲಿ ದವಡೆ ಎತ್ತುವಂತೆ ಮಾಡಿ ತೋರಿಸಿದೆ. ಅಳತೆಪಟ್ಟಿ ಇಟ್ಟ. ಮತ್ತೊಮ್ಮೆ ಇಟ್ಟ.

“ಈಸ್ಟರಿಗೆ ಆಗಲ್ಲ, ವಿಜಯಾ ಮೇಡಂ. ದಿನಾ ಮಾಡಿದ್ರೆ ಜೂನ್. ಮಾಡದೇ ಇದ್ರೆ ಯಾವಾಗ ಅಂತ ಹೇಳೋಕಾಗಲ್ಲ.”

ರೋಟಾದವರಿಗೆ ಅಂದೇ ಹೇಳಬೇಕು, ಅವರ ನಿಟ್ಟುಸಿರು ಕೇಳಬೇಕು. ನಾನು ಲೆಕ್ಕ ಹಾಕಿ ಮುಗಿಸುವವರೆಗೆ ಅವನು ಕಾಯಲಿಲ್ಲ, ನೀರು ತುಂಬಿದ ಜಗ್ ಒಂದನ್ನು ನನ್ನ ಎಡಗೈಗೆ ಕೊಟ್ಟು, ಮಣಿಕಟ್ಟು ಬಾಗದಂತೆ ಎತ್ತಿ ಹಿಡಿಯಲು ಹೇಳಿದ. ಮೊಣಕೈವರೆಗೆ ಬೆಂಕಿ ಹರಿಯಿತು.

“ನೋವು,” ಎಂದೆ.

“ಗೊತ್ತು. ಇಳಿಸಬೇಡಿ.”

ಇಳಿಸಿದೆ. ನೀರು ತೊಡೆಯ ಮೇಲೆ ಚೆಲ್ಲಿತು. ಮನೆಯಲ್ಲಾಗಿದ್ದರೆ ಅವನೇ ಟವೆಲ್ ತಂದು ಒರೆಸುತ್ತಿದ್ದ. ಈಗ ಜಗ್ಗಿಗೆ ಮತ್ತೆ ನೀರು ತುಂಬಿ ನನ್ನ ಮುಂದಿಟ್ಟು, ಪಕ್ಕದ ಕುರ್ಚಿಯಲ್ಲಿ ರಬ್ಬರ್ ಪಟ್ಟಿ ಎಳೆಯುತ್ತಿದ್ದ ಮುದುಕಿಯ ಕಡೆ ತಿರುಗಿ “ಬ್ರಿಲಿಯಂಟ್, ಮಾರ್ಗರೆಟ್” ಎಂದ.

ನನಗೆ ಅಂದಿರಲಿಲ್ಲ. ಆ ಮುದುಕಿಯನ್ನೊಮ್ಮೆ ಕೆಕ್ಕರಿಸಿ ನೋಡಿ, ಜಗ್ ಎತ್ತಿದೆ.