ಕಬ್ಬಿಣ ಹೊಂದಿಕೊಳ್ಳಂಗಿಲ್ಲ

ಅಗರಖೇಡದ ನಬಿಸಾಬನ ಬಾಡಿಗೆ ಕಾರು ಹೊಗೆ ಉಗುಳಲು ಹತ್ತಿತ್ತು. ಇಂಡಿ ಪಟ್ಟಣದ ಗ್ಯಾರೇಜಿನಲ್ಲಿ ಅದರ ಇಂಜಿನ್ ಬಿಚ್ಚಿ ಹರವಿದ್ದರು. ಊಟದ ಡಬ್ಬಿ ತಂದ ಹೆಂಡತಿ ಸೈದಾಬಿ ಬಾಗಿಲಲ್ಲಿ ಕುಂತು ನೋಡುತ್ತಿದ್ದಳು.

ಇಂಜಿನ್ನಿಗೆ ಕ್ರ್ಯಾಂಕ್ ಅಂದರೆ ಬೆನ್ನೆಲುಬು. ಅದು ಬೇರಿಂಗಿನ ತೊಟ್ಟಿಲಲ್ಲಿ ತಿರುಗಬೇಕು. ಮಿಸ್ತ್ರಿ ಜುಲ್ಫಿಕರ ಹೊಸ ಬೇರಿಂಗ್ ಕೂರಿಸಿ ನೋಡಿದ. ಸಡಿಲ. ಒಂದು ತೆಳ್ಳನೆಯ ತಗಡು ಕತ್ತರಿಸಿದ.

"ಇದನ್ನ ಹಿಂದ ಇಟ್ರ ಬಿಗಿ ಆಗ್ತೈತಿ."

ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುವ ಪರಮಾನಂದ ಎದ್ದು ಬಂದ. "ಬ್ಯಾಡೋ ತಮ್ಮಾ. ಸವದ ಕ್ರ್ಯಾಂಕ್ ನಾ ತಿಕ್ಕಿ ಸಣ್ಣ ಮಾಡೇನಿ. ಅದಕ್ಕ ತಕ್ಕ ಅಳತಿ ಬೇರಿಂಗ್ ಬ್ಯಾರೇನ ಐತಿ. ನೀ ತಂದಿದ್ದು ಹಳೇ ಅಳತೀದು."

"ಅದು ಯಾವಾಗ ಸಿಗ್ತೈತಿ?" ನಬಿಸಾಬ ಕೇಳಿದ.

"ವಿಜಯಪುರದಿಂದ ನಾಡಿದ್ದು ಬರ್ತೈತಿ."

"ನಾಳೆ ಸಿಂದಗಿಗೆ ಮದುಮಗಳನ್ನ ಮುಟ್ಟಸೋದೈತಿ ಮಾರಾಯಾ! ಕೂದಲೆಳಿಯಷ್ಟು ಸಡಿಲಕ್ಕ ಯಾರು ಕಾಯ್ತಾರ?"

"ಎಣ್ಣಿ ನಿಲ್ಲೋದ ಆ ಕೂದಲೆಳಿಯಷ್ಟು ಜಾಗಾದಾಗ, ನಬಿಸಾಬಣ್ಣ. ಸಡಿಲಾದ್ರ ಎಣ್ಣಿ ಸೋರಿ ಹೋಗ್ತೈತಿ. ಬಿಗಿಯಾದ್ರ ಒಳಗ ಹೋಗಂಗಿಲ್ಲ. ಹ್ಯಾಂಗಾದ್ರೂ ಕ್ರ್ಯಾಂಕು, ಬೇರಿಂಗು ಒಂದನ್ನೊಂದು ತಿಂತಾವ."

ನಬಿಸಾಬ ಹೆಂಡತಿಯ ಕಡೆ ಕೈ ಮಾಡಿದ. "ಈಕಿನ್ನ ನೋಡು. ತಂಗಡಗಿಯಾಕಿ. ಕೃಷ್ಣಾ ನೀರು ಕುಡದು ಬೆಳದಾಕಿ, ಭೀಮಾ ನೀರಿಗೆ ಹೊಂದಿಕೊಳ್ಳಲಿಲ್ಲೇನು? ಇದೂ ಓಡ್ತಾ ಓಡ್ತಾ ಹೊಂದಿಕೊಳ್ತೈತಿ!"

ಎಲ್ಲರೂ ನಕ್ಕರು. ಸೈದಾಬಿಯೂ ಸೆರಗು ಅಡ್ಡ ಹಿಡಿದು ನಕ್ಕಳು. ಪರಮಾನಂದ ನಗಲಿಲ್ಲ.

ಜುಲ್ಫಿಕರ ತಗಡು ಇಟ್ಟೇ ಇಂಜಿನ್ ಕೂಡಿಸಿದ. ಮರುದಿನ ಮದುಮಗಳು ಸುಖವಾಗಿ ಮುಟ್ಟಿದಳು. "ನೋಡಿದ್ಯಾ?" ಎಂದು ನಬಿಸಾಬ ಮೀಸೆ ತಿರುವಿದ. ಆಮೇಲೆ ಸ್ಟೇರಿಂಗಿನ ಮುಂದೆ ಎಣ್ಣೆಯ ಎಚ್ಚರಿಕೆಯ ಕೆಂಪು ದೀಪ ಮಿಣಕ್ ಎಂದು ಹತ್ತಿ ಆರತೊಡಗಿತು. ಅದಕ್ಕೂ ಅವನದು ಅದೇ ಮಾತು, "ಹೊಂದಿಕೊಳ್ತೈತಿ."

ಒಂದು ಮುಂಜಾನೆ ತಂಗಡಗಿಯಿಂದ ತಂಗಿ ರಹಿಮಾಬಿಯ ಫೋನು. "ಅಕ್ಕಾ, ಅವ್ವಗ ಜಡ್ಡು ಭಾಳ ಆಗೇತಿ. ನಿನ್ನ ಹೆಸರ ಹಿಡದಾಳ. ಲಗೂನ ಬಾ."

ಸೈದಾಬಿ ಅವ್ವನ ಬಾಯಿಗೆ ಬಿಡಲೆಂದು ಮಕ್ಕಾದ ಪವಿತ್ರ ಜಮ್‌ಜಮ್ ನೀರಿನ ಬಾಟ್ಲಿ ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದಳು. ದಾರಿಯ ನಡುವಿನ ಬಸವನ ಬಾಗೇವಾಡಿಯೇ ಇನ್ನೂ ದೂರವಿತ್ತು. ಇಂಜಿನ್ನಿನೊಳಗೆ ಟಕಟಕ ಸದ್ದು.

"ಏನ್ರಿ ಅದು?"

"ಏನಿಲ್ಲ, ಸುಮ್ಮ ಕುಂಡ್ರು."

ಸದ್ದು ಸುತ್ತಿಗೆ ಬಡಿದಂತಾಯಿತು. ಕಾರು ಒಮ್ಮೆಲೇ ಬಿಗಿದು ನಿಂತಿತು. ಎರಡೂ ಕಡೆ ತೊಗರಿ ಹೊಲ, ಒಂದು ಗಿಡದ ನೆರಳೂ ಇಲ್ಲ. ಕೈ ತೋರಿಸಿದರೆ ಯಾವ ಗಾಡಿಯೂ ನಿಲ್ಲಲಿಲ್ಲ. ಕಡೆಗೊಂದು ಬಸ್ಸು ಬಂತು. ಮುದ್ದೇಬಿಹಾಳದಲ್ಲಿ ಇನ್ನೊಂದು ಬಸ್ಸಿಗೆ ಕಾದರು.

ತಂಗಡಗಿ ಮುಟ್ಟಿದಾಗ ರಹಿಮಾಬಿ ಮನೆಯ ಬಾಗಿಲಲ್ಲೇ ನಿಂತಿದ್ದಳು. "ಗಾಡಿ ಸಪ್ಪಳಾದಾಗೊಮ್ಮೆ 'ಸೈದಾ ಬಂದ್ಲೇನು?' ಅಂತಿದ್ಲಕ್ಕಾ. ಆಮ್ಯಾಲ ಕೇಳೋದು ಬಿಟ್ಲು."

ಸೈದಾಬಿ ಅವ್ವನ ಮುಖ ನೋಡಿದಳು. ಅವ್ವ ಮಗಳ ಮುಖ ನೋಡಲಿಲ್ಲ. ಬಾಟ್ಲಿಯ ಮುಚ್ಚಳ ಬಿಚ್ಚಲೇ ಇಲ್ಲ.

ಅವ್ವ ತೀರಿದ ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಗ್ಯಾರೇಜಿನಲ್ಲಿ ಇಂಜಿನ್ ಮತ್ತೆ ಬಿಚ್ಚಿದರು. ಬೇರಿಂಗ್ ಸುಟ್ಟು ಕರ್ರಗಾಗಿತ್ತು, ತಗಡು ನುಚ್ಚಾಗಿತ್ತು. ಜುಲ್ಫಿಕರ ಆ ಚೂರುಗಳನ್ನು ಒಂದೊಂದಾಗಿ ಆರಿಸಿ ತೆಗೆದ.

"ಎಷ್ಟು ದಿನಾ ಆದ್ರೂ ಆಗಲಿ ಪರಮಣ್ಣ, ಅಳದ ಹಾಕ್ಸು," ಎಂದ ನಬಿಸಾಬ. ದನಿ ಇಳಿದಿತ್ತು.

ಸೈದಾಬಿ ಬಾಗಿಲಿಂದಲೇ ಅಂದಳು, "ನಾ ಹೊಂದಿಕೊಂಡೆ. ನಂದು ಜೀವ. ಕಬ್ಬಿಣ ಹೊಂದಿಕೊಳ್ಳಂಗಿಲ್ರಿ."

ಈ ಸಲ ಯಾರೂ ನಗಲಿಲ್ಲ.

ಗಾಡಿ ಇಟ್ಟ ಅಣ್ಣಗೋಳ್ರ, ಅಕ್ಕಗೋಳ್ರ, ಇಂಜಿನ್ ಬಿಚ್ಚಿಸಿದಾಗ ನಿಮ್ಮ ಎದುರಿಗೇ ಕ್ರ್ಯಾಂಕ್ ಅಳೆಸಿರಿ. ಅದೇ ಅಳತೆಯ ಬೇರಿಂಗ್ ಬರುವ ತನಕ ಕಾಯಿರಿ. ತಗಡು, ಕಾಗದ ಇಡಗೊಡಬೇಡಿರಿ. ಕೆಂಪು ದೀಪ ಹತ್ತಿದರೆ, ಟಕಟಕ ಕೇಳಿದರೆ ಅಲ್ಲೇ ಗಾಡಿ ಆರಿಸಿರಿ. ಯಾರಾದರೂ "ಹೊಂದಿಕೊಳ್ತೈತಿ" ಅಂದರೆ, "ಅಳದೀಯೇನಪಾ?" ಎಂದು ಕೇಳಿರಿ. ನಿಮ್ಮ ದಾರಿ ಕಾಯುವ ಅವ್ವ ಎಲ್ಲೋ ಒಬ್ಬಳು ಇದ್ದೇ ಇರುತ್ತಾಳೆ.